ಮಗು ಮಲಗಿದಾಗ ಅಂಟು, ಎದ್ದಾಗ ದಾರ

ಪ್ರಶ್ನೆ: ನನಗೆ 29 ವರ್ಷ, ಊರು ದಾವಣಗೆರೆ. ಮಗನಿಗೆ ಈಗ ಒಂದು ವರ್ಷ ಎಂಟು ತಿಂಗಳು. ಸಿಲ್ಕ್ ಥ್ರೆಡ್ ಬಳೆ, ಜುಮುಕಿ, ಮಣಿಸರ ಮಾಡಿ ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ ಮಾರುತ್ತೇನೆ. ಆರ್ಡರ್ ಬರುತ್ತಿವೆ, ಆದರೆ ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ. ಸ್ಟೋನ್ ಹಚ್ಚಿದ ನಾಲ್ಕು ಬಳೆಯ ಸೆಟ್ಟನ್ನು 180 ರೂಪಾಯಿಗೆ ಕೊಡುತ್ತಿದ್ದೇನೆ. ಹಗಲು ಮಗ ಮಣಿ ಡಬ್ಬಿಗೇ ಕೈ ಹಾಕುತ್ತಾನೆ, ಹಾಗಾಗಿ ರಾತ್ರಿ ಒಂದು ಗಂಟೆವರೆಗೂ ಕೂರುತ್ತೇನೆ. ಅತ್ತೆಗೆ ಮಂಡಿ ನೋವು, ಅವನ ಹಿಂದೆ ಓಡಲು ಆಗುವುದಿಲ್ಲ. ‘ನೂರಿನ್ನೂರು ರೂಪಾಯಿಗೆ ಇಷ್ಟು ಒದ್ದಾಟ ಯಾಕೆ’ ಅನ್ನುತ್ತಾರೆ. ರೆಸಿನ್ (ಅಚ್ಚಿಗೆ ಸುರಿದರೆ ಗಾಜಿನಂತೆ ಗಟ್ಟಿಯಾಗುವ ದ್ರವ) ಆಭರಣದ ಕ್ಲಾಸಿಗೆ ಸೇರುವ ಆಸೆಯೂ ಇದೆ. ಜಿಎಸ್‌ಟಿ ಮಾಡಿಸಬೇಕಾ? ಮೂರು ವಾರದಲ್ಲಿ ಒಂದು ಸೀಮಂತಕ್ಕೆ 60 ಜೊತೆ ಬಳೆ ಕೇಳಿದ್ದಾರೆ. ಒಪ್ಪಿಕೊಳ್ಳಲಾ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿದ್ದರೂ ಗಂಟು ಒಂದೇ ಕಡೆ ಬಿದ್ದಿದೆ. ದಿನಕ್ಕೆ ಎಷ್ಟು ಗಂಟೆ ಸಿಗುತ್ತದೆ ಎಂದು ನೀವು ಲೆಕ್ಕ ಹಾಕುತ್ತಿದ್ದೀರಿ. ಇಪ್ಪತ್ತು ತಿಂಗಳ ಮಗು ಇರುವ ಮನೆಯಲ್ಲಿ ಆ ಲೆಕ್ಕ ಕೂಡಿ ಬರುವುದಿಲ್ಲ. ಯಾವ ಕೆಲಸವನ್ನು ನಡುವೆ ಬಿಟ್ಟು ಏಳಬಹುದು, ಯಾವುದನ್ನು ಬಿಟ್ಟು ಏಳಲಾಗುವುದಿಲ್ಲ ಎಂದು ಮೊದಲು ಬೇರೆ ಮಾಡಿಕೊಳ್ಳಿ. ಮನೆಯಿಂದ ಆಭರಣ ಮಾಡುವ ತಾಯಂದಿರಿಗೆ ನಾನು ಹೇಳಿಕೊಡುವ ಮೊದಲ ಪಾಠ ಇದು. ಬೆಲೆ, ಆರ್ಡರ್, ರೆಸಿನ್ ಕ್ಲಾಸು ಎಲ್ಲದಕ್ಕೂ ಉತ್ತರ ಇದರಿಂದಲೇ ಹೊರಡುತ್ತದೆ.

ನಿಮ್ಮ ಬಳೆಯನ್ನೇ ತೆಗೆದುಕೊಳ್ಳಿ. ರೀಲಿನಿಂದ ದಾರದ ಎಳೆಗಳನ್ನು ಜೋಡಿಸಿಕೊಳ್ಳುವುದು, ತುದಿ ಅಂಟಿಸಿ ಬಳೆಗೆ ಸುತ್ತುವುದು, ಕೊನೆ ಅಂಟಿಸುವುದು, ಆಮೇಲೆ ಸ್ಟೋನ್ ಚೈನ್ ಅಥವಾ ಕುಂದನ್ ಹಚ್ಚುವುದು, ಒಣಗಿಸುವುದು. ಇದರಲ್ಲಿ ಸುತ್ತುವ ಕೆಲಸ ಅರ್ಧಕ್ಕೆ ನಿಂತರೂ ಕೆಡುವುದಿಲ್ಲ. ಬಟ್ಟೆಗೆ ಹಾಕುವ ಕ್ಲಿಪ್ ಒಂದನ್ನು ಸಿಕ್ಕಿಸಿ ಎದ್ದು ಹೋಗಬಹುದು, ಗಂಟೆ ಬಿಟ್ಟು ಬಂದು ಮುಂದುವರಿಸಬಹುದು. ಸ್ಟೋನ್ ಹಚ್ಚುವುದು ಹಾಗಲ್ಲ. ಗಮ್ ಹಾಕಿದ ಮೇಲೆ ಎದ್ದರೆ ಆ ಬಳೆ ಕೆಟ್ಟಂತೆ. ಅವಸರದಲ್ಲಿ ಎದ್ದಾಗ ತೆರೆದ ಗಮ್ ಟ್ಯೂಬು ಮಗುವಿಗೆ ಎಟಕುವ ಜಾಗದಲ್ಲೇ ಉಳಿದುಬಿಡುವ ಅಪಾಯ ಬೇರೆ. ಹಾಗಾಗಿ ಅಂಟು, ಗ್ಲೂ ಗನ್, ಕಟ್ಟರ್, ಪಿನ್ನು ಇವೆಲ್ಲ ಮಗು ನಿದ್ದೆಯಲ್ಲಿದ್ದಾಗ ಮಾತ್ರ. ಅವನು ಎದ್ದಿರುವಾಗ ದಾರ ಸುತ್ತುವುದು, ಡಬ್ಬಿ ಮಡಿಸುವುದು, ವಿಳಾಸ ಬರೆಯುವುದು, ಹಗಲ ಬೆಳಕಿನಲ್ಲಿ ಫೋಟೋ ತೆಗೆಯುವುದು.

ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಒಂದೂವರೆ ವರ್ಷದ ಆಸುಪಾಸಿನಲ್ಲಿ ಹಗಲಿನ ಎರಡು ನಿದ್ದೆ ಒಂದಕ್ಕೆ ಇಳಿಯುತ್ತದೆ. ನಿಮಗೆ ಇತ್ತೀಚೆಗೆ ಸಮಯ ಸಾಲುತ್ತಿಲ್ಲ ಅನ್ನಿಸುವುದಕ್ಕೆ ಅದೂ ಕಾರಣ ಇರಬಹುದು. ಮಧ್ಯಾಹ್ನದ ಆ ಒಂದು ನಿದ್ದೆಯನ್ನು ಅಂಟಿನ ಕೆಲಸಕ್ಕೆ ಮೀಸಲಿಡಿ. ಅಡುಗೆಮನೆ, ಬಟ್ಟೆ, ಫೋನು ಯಾವುದನ್ನೂ ಆ ಹೊತ್ತಿಗೆ ಸೇರಿಸಬೇಡಿ. ರಾತ್ರಿ ಹತ್ತೂವರೆಗೆ ಕೈ ತೊಳೆದುಬಿಡಿ. ಒಂದು ಗಂಟೆವರೆಗೆ ಕೂತು ಹಚ್ಚಿದ ಸ್ಟೋನು ಸೊಟ್ಟಗೆ ಕೂತಿರುತ್ತದೆ, ಬೆಳಿಗ್ಗೆ ಕಿತ್ತು ಮತ್ತೆ ಹಚ್ಚುತ್ತೀರಿ.

ಇನ್ನು ಮಗು ಮಣಿ ಡಬ್ಬಿಗೆ ಕೈ ಹಾಕುವ ವಿಷಯ. ನೀವು ಅದನ್ನು ತುಂಟತನದ ಸಾಲಿಗೆ ಸೇರಿಸಿದ್ದೀರಿ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷಿಸಲು ಸುಮಾರು 3.2 ಸೆಂಟಿಮೀಟರ್ ಅಗಲದ ಒಂದು ಕೊಳವೆ ಇರುತ್ತದೆ. ಅದರೊಳಗೆ ಪೂರ್ತಿ ಇಳಿಯುವ ಯಾವ ವಸ್ತುವೂ ಆ ವಯಸ್ಸಿನ ಮಗುವಿನ ಗಂಟಲಿಗೆ ಅಪಾಯ ಎಂದು ಲೆಕ್ಕ. ನಿಮ್ಮ ಮಣಿ, ಜುಮುಕಿಯ ಅಚ್ಚು, ಕುಂದನ್ ಎಲ್ಲವೂ ಅದರೊಳಗೆ ಇಳಿಯುತ್ತವೆ. ನಮ್ಮ ಮನೆಗಳಲ್ಲಿ ಚಾಪೆ ಹಾಸಿ ನೆಲದ ಮೇಲೆ ಕೂತು ಕೆಲಸ ಮಾಡುವುದು ರೂಢಿ. ಮಗು ಮೂರು ದಾಟುವವರೆಗೆ ಅದನ್ನು ಬಿಡಿ. ಮೇಜಿನ ಮೇಲೆ ಅಂಚು ಎತ್ತರವಿರುವ ಸ್ಟೀಲಿನ ಹರಿವಾಣ ಇಟ್ಟು ಅದರೊಳಗೇ ಕೆಲಸ ಮಾಡಿ. ಬಿದ್ದ ಮಣಿ ಹರಿವಾಣದಲ್ಲೇ ನಿಲ್ಲುತ್ತದೆ, ಏಳಬೇಕಾದರೆ ಹರಿವಾಣ ಸಮೇತ ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಬಹುದು. ಕೆಲಸ ಮುಗಿದ ಮೇಲೆ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ಅಡ್ಡಲಾಗಿ ಹಿಡಿದು ನೋಡಿ. ಕಸಪೊರಕೆಗೆ ಸಿಗದ ಮಣಿ, ಪಿನ್ನುಗಳ ನೆರಳು ಉದ್ದಕ್ಕೆ ಬಿದ್ದು ಕಾಣಿಸುತ್ತವೆ.

ಎರಡು ವಸ್ತು ನಿಮ್ಮ ಮನೆಯೊಳಗೆ ಬರಲೇಬಾರದು. ಒಂದು, ಕಿವಿ ಚುಚ್ಚಿಸದವರಿಗಾಗಿ ಮಾಡುವ ಮ್ಯಾಗ್ನೆಟ್ ಓಲೆ ಮತ್ತು ಸರದ ಮ್ಯಾಗ್ನೆಟ್ ಕೊಂಡಿ. ಮಗು ಎರಡು ಮ್ಯಾಗ್ನೆಟ್ ನುಂಗಿದರೆ ಅವು ಕರುಳಿನ ಗೋಡೆಗಳನ್ನು ನಡುವೆ ಸಿಕ್ಕಿಸಿಕೊಂಡು ಒಂದನ್ನೊಂದು ಎಳೆಯುತ್ತವೆ, ಕರುಳು ತೂತಾಗುತ್ತದೆ. ಇನ್ನೊಂದು, ಲೈಟ್ ಹೊಳೆಯುವ ಆಭರಣಕ್ಕೂ ಗಿಫ್ಟ್ ಡಬ್ಬಿಗೂ ಹಾಕುವ ಬಟನ್ ಸೆಲ್ಲು. ಅನ್ನನಾಳದಲ್ಲಿ ಸಿಕ್ಕಿಕೊಂಡ ಬಟನ್ ಸೆಲ್ಲು ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು. ಇವೆರಡರಲ್ಲಿ ಯಾವುದನ್ನಾದರೂ ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಮಗು ನಗುತ್ತಾ ಆಡುತ್ತಿದ್ದರೂ ಆಸ್ಪತ್ರೆಗೆ ಹೊರಡಿ. ವಾಂತಿ ಮಾಡಿಸಲು ಹೋಗಬೇಡಿ. ಮಣಿ ಗಂಟಲಿಗೆ ಸಿಕ್ಕಿ ಉಸಿರು ಕಟ್ಟಿದರೆ ಬಾಯೊಳಗೆ ಕುರುಡಾಗಿ ಬೆರಳು ಹಾಕಬಾರದು, ಅದು ಇನ್ನೂ ಒಳಕ್ಕೆ ಹೋಗುತ್ತದೆ. ಒಂದು ವರ್ಷ ದಾಟಿದ ಮಗುವನ್ನು ಮುಂದಕ್ಕೆ ಬಾಗಿಸಿ ಬೆನ್ನಿನ ನಡುವೆ ಐದು ಸಲ ಬಡಿಯುವುದು, ಆಗಲಿಲ್ಲವೆಂದರೆ ಹೊಟ್ಟೆಯ ಮೇಲ್ಭಾಗವನ್ನು ಹಿಂದಿನಿಂದ ಒಳಕ್ಕೂ ಮೇಲಕ್ಕೂ ಐದು ಸಲ ಒತ್ತುವುದು, ಜೊತೆಗೇ 108ಕ್ಕೆ ಕರೆ. ಇದನ್ನು ಓದಿ ಕಲಿಯುವುದು ಕಷ್ಟ. ಮುಂದಿನ ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರ ಹತ್ತಿರ ಮಾಡಿ ತೋರಿಸಿ ಎಂದು ಕೇಳಿ, ಅತ್ತೆಯವರನ್ನೂ ಕರೆದುಕೊಂಡು ಹೋಗಿ.

ದಾರಕ್ಕೂ ಒಂದು ಮಾತು. ಕತ್ತರಿಸಿ ಉಳಿದ ಎಳೆ ಮಗುವಿನ ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಡುವುದೇ ನಿಲ್ಲಬಹುದು. ಕಾರಣವಿಲ್ಲದೆ ಅಳುತ್ತಿದ್ದಾನೆ ಅನ್ನಿಸಿದರೆ ಕೈಕಾಲಿನ ಬೆರಳುಗಳನ್ನೂ ನೋಡಿ.

ಈಗ ರೆಸಿನ್. ಕ್ಲಾಸಿಗೆ ಸದ್ಯಕ್ಕೆ ಸೇರಬೇಡಿ. ಇನ್‌ಸ್ಟಾಗ್ರಾಮಿನಲ್ಲಿ ಅದು ಬಹಳ ಚೆನ್ನಾಗಿ ಕಾಣುತ್ತದೆ, ಒಣಹೂವಿನ ಪೆಂಡೆಂಟಿಗೆ ಗಿರಾಕಿಯೂ ಇದ್ದಾರೆ, ಒಪ್ಪುತ್ತೇನೆ. ಆದರೆ ಗಟ್ಟಿಯಾಗದ ಎಪಾಕ್ಸಿ ರೆಸಿನ್ ಚರ್ಮಕ್ಕೆ ಅಲರ್ಜಿ ತರುತ್ತದೆ, ಒಮ್ಮೆ ಬಂದ ಆ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಉಜ್ಜುವಾಗ ಏಳುವ ಧೂಳೂ ಒಳ್ಳೆಯದಲ್ಲ. ಮೇಲಾಗಿ ಎರಡು ದ್ರವ ಬೆರೆಸಿದ ಮೇಲೆ ಅದು ನಿಮಗಾಗಿ ಕಾಯುವುದಿಲ್ಲ. ನಡುವೆ ಬಿಟ್ಟು ಏಳಲಾಗದ ಕೆಲಸಗಳಲ್ಲೇ ಅದು ಮೊದಲನೆಯದು. ಹೊಸತೇನಾದರೂ ಬೇಕೇಬೇಕು ಅನ್ನಿಸಿದರೆ ಟೆರಾಕೋಟಾ, ಅಂದರೆ ಸುಟ್ಟ ಮಣ್ಣಿನ ಆಭರಣ ನೋಡಿ. ಒದ್ದೆ ಬಟ್ಟೆ ಮುಚ್ಚಿಟ್ಟರೆ ಮಣ್ಣು ನಾಳೆವರೆಗೂ ಹದವಾಗಿರುತ್ತದೆ. ಸುಡುವುದನ್ನು ಮನೆಯ ತಾರಸಿಯಲ್ಲಿ ಮಾಡದೆ, ಹತ್ತಿರದ ಕುಂಬಾರರ ಭಟ್ಟಿಗೆ ಕೊಟ್ಟು ಕೂಲಿ ಕೊಡಿ.

ಬೆಲೆಗೆ ಬರೋಣ. ನಿಮ್ಮ ಸೆಟ್ಟಿನ ಖರ್ಚನ್ನು ಅಂದಾಜಿಗೆ ಹೀಗೆ ಹಿಡಿಯುತ್ತೇನೆ, ನಿಮ್ಮ ಬಿಲ್ಲು ನೋಡಿ ತಿದ್ದಿಕೊಳ್ಳಿ: ಖಾಲಿ ಬಳೆ 24, ದಾರ 20, ಸ್ಟೋನು 46, ಗಮ್ ಮತ್ತು ಹಾಳಾಗುವುದು 10, ಡಬ್ಬಿ-ಕವರ್ 25. ಒಟ್ಟು 125 ರೂಪಾಯಿ. 180ರಲ್ಲಿ ಉಳಿದದ್ದು 55. ಸುತ್ತಿ, ಹಚ್ಚಿ, ಫೋಟೋ ತೆಗೆದು, ‘ಅಕ್ಕಾ ಇದೇ ಬಣ್ಣದಲ್ಲಿ ಇನ್ನೊಂದು ತೋರಿಸಿ’ ಅನ್ನುವವರಿಗೆ ಉತ್ತರಿಸಿ, ಪ್ಯಾಕ್ ಮಾಡುವಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ. ಗಂಟೆಗೆ 27 ರೂಪಾಯಿ ಐವತ್ತು ಪೈಸೆ ಆಯಿತು. ಅತ್ತೆಯವರ ಮಾತು ಒರಟಾಗಿ ಕೇಳಿಸಬಹುದು, ಲೆಕ್ಕ ಮಾತ್ರ ತಪ್ಪಿಲ್ಲ.

ನಿಮ್ಮ ಕೈಕೂಲಿಯನ್ನು ಗಂಟೆಗೆ 70 ಎಂದಿಟ್ಟರೆ 125ಕ್ಕೆ 140 ಸೇರಿ 265. ಅದರ ಮೇಲೆ ಶೇಕಡಾ 20 ವ್ಯಾಪಾರಕ್ಕೆ ಉಳಿಯಬೇಕು, ಅಂದರೆ ಹತ್ತಿರಹತ್ತಿರ 320. ಆ ಬೆಲೆಗೆ ಹೋಗುತ್ತದೆಯೇ ಎಂದು ಕೇಳುತ್ತೀರಿ. ಮೀಶೋದಲ್ಲಿ ಅಂಥದ್ದೇ ಕಾಣುವ ಸೆಟ್ಟು ಅದಕ್ಕಿಂತ ಅಗ್ಗಕ್ಕೆ ಸಿಗುವಾಗ ಎಲ್ಲರೂ ಕೊಡುವುದಿಲ್ಲ, ನಿಜ. ಬೆಲೆ ಏರಿಸಲಾಗದ ಕಡೆ ಗಂಟೆ ಇಳಿಸಿ. ನಾಲ್ಕೂ ಬಳೆಗೆ ಸ್ಟೋನ್ ಹಚ್ಚುವ ಬದಲು ಎರಡಕ್ಕೆ ಹಚ್ಚಿ, ಎರಡು ಬರೀ ದಾರದವು. ನೋಡಲು ಸೆಟ್ಟು ಕಳೆಗುಂದುವುದಿಲ್ಲ, ಅಂಟಿನ ಸಮಯ ಅರ್ಧಕ್ಕೆ ಇಳಿಯುತ್ತದೆ, ಸ್ಟೋನಿನ ಖರ್ಚೂ ಅಷ್ಟೇ. ಒಂದೇ ಬಣ್ಣವನ್ನು ಹತ್ತು ಸೆಟ್ ಒಟ್ಟಿಗೆ ಸುತ್ತಿ. ವಿನ್ಯಾಸ ನಾಲ್ಕೇ ಇರಲಿ, ಗಿರಾಕಿ ಬದಲಿಸಬಹುದಾದದ್ದು ಬಣ್ಣ ಮಾತ್ರ.

ಬಣ್ಣ ಅಂದಾಗ ನೆನಪಾಯಿತು. ಸೀರೆಯ ಫೋಟೋ ಕಳಿಸಿ ‘ಮ್ಯಾಚಿಂಗ್ ಮಾಡಿ ಕೊಡಿ’ ಅನ್ನುವವರನ್ನು ಒಪ್ಪಬೇಡಿ. ಫೋನಿನಲ್ಲಿ ರಾಮಾ ಗ್ರೀನ್ ಕಂಡದ್ದು ಎದುರಿಗೆ ನವಿಲು ಬಣ್ಣ ಆಗಿರುತ್ತದೆ. ನಿಮ್ಮ ಹತ್ತಿರ ಇರುವ ರೀಲುಗಳನ್ನು ಸಾಲಾಗಿ ಇಟ್ಟು, ಹಗಲ ಬೆಳಕಿನಲ್ಲಿ ಫೋಟೋ ತೆಗೆದು, ಒಂದೊಂದಕ್ಕೂ ನಂಬರ್ ಕೊಡಿ. ಅವರು ನಂಬರ್ ಹೇಳಲಿ. ಊರಿನವರಾದರೆ ಬ್ಲೌಸ್ ಪೀಸಿನ ಚೂರು ತಂದುಕೊಡಲಿ.

ನೀವು ಬರೆದಿಲ್ಲ, ಆದರೂ ನಷ್ಟದಲ್ಲಿ ಒಂದು ಪಾಲು ಅಳತೆಯದ್ದು ಇರಲೇಬೇಕು. ಬಳೆಯ 2.4, 2.6 ಅನ್ನುವುದು ದಶಮಾಂಶವಲ್ಲ. ಎರಡು ಇಂಚು, ಮೇಲೆ ಇಂಚಿನ ಹದಿನಾರರಲ್ಲಿ ನಾಲ್ಕು ಭಾಗ, ಆರು ಭಾಗ ಎಂದರ್ಥ. 2.4ರ ಒಳ ಅಗಲ ಸುಮಾರು 57 ಮಿಲಿಮೀಟರ್, 2.6ರದ್ದು 60, 2.8ರದ್ದು ಅರವತ್ತಮೂರೂವರೆ, 2.10ರದ್ದು 67ರ ಹತ್ತಿರ. ಇದು ಗೊತ್ತಿಲ್ಲದವರು 2.10 ಅಂದರೆ 2.2ಕ್ಕಿಂತ ಚಿಕ್ಕದು ಎಂದುಕೊಂಡು ಆರ್ಡರ್ ಮಾಡುತ್ತಾರೆ, ಆಮೇಲೆ ವಾಪಸ್ ಕಳಿಸುತ್ತಾರೆ. ‘ನಿಮ್ಮ ಕೈಗೆ ಸರಿಯಾಗುವ ಹಳೆಯ ಬಳೆಯನ್ನು ಸ್ಕೇಲಿನ ಮೇಲಿಟ್ಟು ಫೋಟೋ ಕಳಿಸಿ’ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ. ದಾರ ಸುತ್ತಿದ ಮೇಲೆ ಒಳ ಅಳತೆ ಸ್ವಲ್ಪ ಕಿರಿದಾಗುತ್ತದೆ ಎಂಬುದೂ ನೆನಪಿರಲಿ. ನೀರು ತಾಗಬಾರದು ಎಂಬ ಚೀಟಿಯನ್ನು ಡಬ್ಬಿಯೊಳಗೇ ಇಡಿ.

ಶ್ರಾವಣದಲ್ಲಿ ಇನ್ನೊಂದು ಬೇಡಿಕೆ ಬರುತ್ತದೆ: ಕೃಷ್ಣ ಜನ್ಮಾಷ್ಟಮಿಗೆ ಪುಟ್ಟ ಮಕ್ಕಳ ಸರ, ತೋಳಬಂದಿ, ಸೊಂಟಪಟ್ಟಿ. ಒಂದು ವರ್ಷದ ಕೂಸಿಗೆ ಅಂಟಿಸಿದ ಮಣಿ-ಸ್ಟೋನಿನ ಸರ ಮಾಡಿಕೊಡಬೇಡಿ. ನಿಮ್ಮ ಮಗನಿಗೆ ಅಪಾಯವಾದದ್ದು ಅವರ ಮಗುವಿಗೂ ಅಪಾಯವೇ. ಬಟ್ಟೆಯ ಮೇಲೆ ಕಸೂತಿ ಹಾಕಿದ ಪಟ್ಟಿ, ದಾರದ ಹೆಣಿಗೆ ಮಾಡಿ, ಇಲ್ಲವೇ ಆಗುವುದಿಲ್ಲ ಅಂದುಬಿಡಿ.

ಜಿಎಸ್‌ಟಿ ಬಗ್ಗೆ ಹೆದರಿಕೆ ಬೇಡ. ನಮ್ಮ ರಾಜ್ಯದಲ್ಲಿ ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಹೊರರಾಜ್ಯಕ್ಕೆ ಮಾರಿದರೆ ಮಾತ್ರ ನಿಯಮ ಬೇರೆ, ಅಲ್ಲಿ ಸಾಮಾನ್ಯವಾಗಿ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಅದಕ್ಕೂ ಕರಕುಶಲ ವಸ್ತುಗಳಿಗೆ ಷರತ್ತಿನ ವಿನಾಯಿತಿ ಇದೆ. ಆ ಪಟ್ಟಿಯಲ್ಲಿ ಕೈಯಿಂದ ಮಾಡಿದ ಇಮಿಟೇಶನ್ ಆಭರಣವೂ ಸೇರಿದೆ, ನಮ್ಮ ಹಾವೇರಿಯವರು ಮಾಡುವಂಥ ಏಲಕ್ಕಿ ಹಾರವೂ ಇದೆ. ಪುಣೆ, ಚೆನ್ನೈಗೆ ನಿಯಮಿತವಾಗಿ ಕಳಿಸುವ ಹಂತ ಬಂದಾಗ ಒಬ್ಬ ಆಡಿಟರಿಗೆ ಫೀಸು ಕೊಟ್ಟು ಕೇಳಿ. 2023ರ ಅಕ್ಟೋಬರ್ 1ರಿಂದ ನೋಂದಣಿ ಇಲ್ಲದ ಸಣ್ಣ ಮಾರಾಟಗಾರರೂ ತಮ್ಮ ರಾಜ್ಯದೊಳಗೆ ಆನ್‌ಲೈನ್ ತಾಣಗಳ ಮೂಲಕ ಮಾರಬಹುದು, ಅದಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ಪಡೆದರೆ ಸಾಕು. ಸಣ್ಣ ಉದ್ದಿಮೆಗಳಿಗಾಗಿ ಇರುವ ಸರ್ಕಾರದ ಉದ್ಯಮ್ ನೋಂದಣಿಯನ್ನು ಮಾತ್ರ ಈ ವಾರವೇ ಮಾಡಿಸಿ. ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ಪೋರ್ಟಲ್‌ನಲ್ಲಿ ಉಚಿತ. ಅದಕ್ಕೆ ಸಾವಿರಗಟ್ಟಲೆ ಕೇಳುವ ಜಾಲತಾಣಗಳು ಸರ್ಕಾರದ್ದಲ್ಲ.

ಇದಕ್ಕಿಂತ ಮುಖ್ಯವಾದದ್ದು ಬ್ಯಾಂಕ್ ಖಾತೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು, ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂದು ಬೋರ್ಡ್ ಹಾಕಿದ್ದು ನಿಮಗೂ ನೆನಪಿರಬಹುದು. ಮನೆಯವರು ಕಳಿಸಿದ ಹಣ, ಕೈಸಾಲ ಎಲ್ಲ ಒಂದೇ ಖಾತೆಗೆ ಬಂದಿದ್ದವರು ಯಾವುದು ವ್ಯಾಪಾರದ್ದು ಎಂದು ಬಿಡಿಸಿ ಹೇಳಲು ಒದ್ದಾಡಿದರು. ನಿಮ್ಮ ವಹಿವಾಟು 40 ಲಕ್ಷದ ಮಿತಿಯ ಹತ್ತಿರವೂ ಇಲ್ಲ, ಸರಿ. ಆದರೂ ಬಳೆಯ ದುಡ್ಡಿಗೇ ಒಂದು ಖಾತೆ, ಅದಕ್ಕೇ ಒಂದು ಕ್ಯೂಆರ್ ಮಾಡಿಕೊಳ್ಳಿ. ‘ದುಡ್ಡು ನಿಲ್ಲುತ್ತಿಲ್ಲ’ ಅನ್ನುವುದಕ್ಕೆ ಅರ್ಧ ಕಾರಣ ಅದು ಮನೆಖರ್ಚಿನ ಖಾತೆಗೆ ಬಂದು ಹಾಲಿಗೆ, ಡೈಪರಿಗೆ ಕರಗುವುದು. ಪೇಮೆಂಟಿನ ಸ್ಕ್ರೀನ್‌ಶಾಟ್ ನಂಬಿ ಪಾರ್ಸೆಲ್ ಕಳಿಸಬೇಡಿ, ಖಾತೆಗೆ ಬಂದಿದೆಯೇ ನೋಡಿ ಕಳಿಸಿ. ಕ್ಯಾಶ್ ಆನ್ ಡೆಲಿವರಿ ಬೇಡವೇ ಬೇಡ. ಪೋಸ್ಟ್ ಆಫೀಸಿಗೋ ಕೊರಿಯರ್‌ಗೋ ದಿನಾ ಓಡದೆ ಮಂಗಳವಾರ, ಶುಕ್ರವಾರ ಎರಡೇ ದಿನ ಇಟ್ಟುಕೊಳ್ಳಿ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ ಅಡಮಾನವಿಲ್ಲದೆ 50,000ದವರೆಗೆ ಸಾಲ ಸಿಗುತ್ತದೆ. ಈಗ ಅದು ನಿಮಗೆ ಬೇಡ. ನಿಮಗಿರುವ ಕೊರತೆ ಬಂಡವಾಳದ್ದಲ್ಲ.

ಅತ್ತೆಯವರ ವಿಷಯ. ಮಂಡಿ ನೋವಿರುವವರನ್ನು ಓಡುವ ಮಗುವಿನ ಕಾವಲಿಗೆ ಬಿಟ್ಟರೆ ಇಬ್ಬರಿಗೂ ಕಷ್ಟ, ಅವರು ಸಿಡುಕುವುದರಲ್ಲಿ ಆಶ್ಚರ್ಯವಿಲ್ಲ. ಕೂತಲ್ಲೇ ಮಾಡಬಹುದಾದದ್ದನ್ನು ಕೇಳಿ ನೋಡಿ: ಮಗುವಿಗೆ ಊಟ ಮಾಡಿಸುವುದು, ಅವನು ಮಲಗಿದಾಗ ಪಕ್ಕದಲ್ಲಿರುವುದು. ದಾರ ಸುತ್ತುವುದೂ ಅವರಿಗೆ ಹಿಡಿಸಬಹುದು. ಹಾಗೆ ಸುತ್ತಿದರೆ ಬಳೆಗಿಷ್ಟು ಎಂದು ಅವರ ಕೈಗೆ ದುಡ್ಡು ಕೊಡಿ. ಸಂಕೋಚ ಅನ್ನಿಸಿದರೂ ಕೊಡಿ. ಯಜಮಾನರು ಸಂಜೆ ಬಂದ ಮೇಲೆ ಒಂದು ಗಂಟೆ ಮಗನನ್ನು ಹೊರಗೆ ಕರೆದುಕೊಂಡು ಹೋಗಲಿ. ಪತ್ರದಲ್ಲಿ ಅವರ ಸುದ್ದಿಯೇ ಇಲ್ಲ, ಅದಕ್ಕೇ ಹೇಳಿದೆ.

ಇನ್ನು ಸೀಮಂತದ ಆರ್ಡರ್. 60 ಜೊತೆ ಎಂದರೆ 120 ಬಳೆ. ಸ್ಟೋನ್ ಇಲ್ಲದೆ ಬರೀ ಸುತ್ತಿದರೂ ಬಳೆಗೆ ಕಾಲು ಗಂಟೆ, ಒಟ್ಟು 30 ಗಂಟೆ. ದಿನಕ್ಕೆ ಎರಡು ಗಂಟೆಯಂತೆ 15 ದಿನ. ನಿಮಗಿರುವುದು 21. ನಡುವೆ ಮಗುವಿಗೆ ನಾಲ್ಕು ದಿನ ಜ್ವರ ಬಂದು, ಮಾಮೂಲಿ ಆರ್ಡರ್‌ಗಳೂ ಇದ್ದರೆ ಮುಗಿಯಿತು. ಬೇರೆ ಆರ್ಡರ್ ಎರಡು ದಿನ ತಡವಾದರೆ ಕ್ಷಮೆ ಕೇಳಬಹುದು, ಸೀಮಂತದ ದಿನವನ್ನು ಯಾರೂ ಮುಂದೆ ಹಾಕುವುದಿಲ್ಲ. ಹಾಗಾಗಿ ಒಬ್ಬರೇ ಮಾಡುವುದಾದರೆ ಬೇಡ ಅನ್ನಿ. ಬೀದಿಯಲ್ಲೋ ನಿಮ್ಮ ಸ್ತ್ರೀಶಕ್ತಿ ಸಂಘದಲ್ಲೋ ಕೈ ಹದವಿರುವ ಒಬ್ಬರಿಗೆ ಅರ್ಧ ಬಳೆ ಸುತ್ತಲು ಕೊಡುವುದಾದರೆ ಒಪ್ಪಿಕೊಳ್ಳಿ. ಬಳೆಗೆ 18 ರೂಪಾಯಿ ಕೊಟ್ಟರೆ 60ಕ್ಕೆ 1,080 ಆಗುತ್ತದೆ. ಅದನ್ನು ಬೆಲೆಯಲ್ಲಿ ಸೇರಿಸಿಯೇ ಹೇಳಿ.

ಒಪ್ಪಿಕೊಳ್ಳುವ ಮೊದಲು ಅವರಿಗೆ ಮೂರು ಮಾತು ಬರೆದು ಕಳಿಸಿ. ಬರೀ ದಾರದ ಬಳೆ, ಹಸಿರು ಮತ್ತು ಇನ್ನೊಂದು ಬಣ್ಣ, ಸ್ಟೋನ್ ಇಲ್ಲ. ಅಳತೆ 2.4, 2.6, 2.8 ಮೂರರಲ್ಲಿ, 2.6 ಹೆಚ್ಚಿಗೆ, ಯಾಕೆಂದರೆ ಬರುವ ಮುತ್ತೈದೆಯರ ಕೈ ಅಳತೆ ಯಾರಿಗೂ ಗೊತ್ತಿರುವುದಿಲ್ಲ. ಸಾಮಾನಿನ ಪೂರ್ತಿ ಖರ್ಚು ಮುಂಗಡ, ಬಾಕಿ ತಲುಪಿಸುವ ದಿನ. ಕಾರ್ಯಕ್ರಮದ ಐದು ದಿನ ಮುಂಚೆ ಅವರ ಮನೆ ಸೇರುವಂತೆ ತಾರೀಕು ಗೊತ್ತುಮಾಡಿಕೊಳ್ಳಿ. ಮುಂಗಡ ಖಾತೆಗೆ ಬಂದ ಮೇಲೆ ದಾರ ತರಲು ಹೋಗಿ, ಅದಕ್ಕಿಂತ ಮೊದಲು ಬೇಡ.